ಮೂರು ನಿಮಿಷದ ಸಾಕ್ಷಿ

ಅಮ್ಮ ಹೋದ ಮೇಲೆ ಅವಳ ಹತ್ತಿ ಸೀರೆಗಳನ್ನು ನಾನೇ ಉಡುತ್ತೇನೆ. ನೀರು ಚಿಮುಕಿಸಿ ಇಸ್ತ್ರಿ ಪೆಟ್ಟಿಗೆ ಇಟ್ಟಾಗ ಏಳುವ ಬಿಸಿ ವಾಸನೆಗೆ ಗಲ್ಫಿನಲ್ಲಿ ನಾವಿದ್ದ ವಾದಿ ಕಬೀರಿನ ಒಂದು ಗುರುವಾರದ ಮಧ್ಯಾಹ್ನ ಮರಳಿ ಬರುತ್ತದೆ.

ಮರುದಿನ ಶುಕ್ರವಾರದ ಆರಾಧನೆಯಲ್ಲಿ ಅಮ್ಮ ಮೊದಲ ಸಲ ಸಾಕ್ಷಿ ಹೇಳಬೇಕಿತ್ತು. ತಾನು ಯೇಸುವನ್ನು ನಂಬಿದ್ದು ಹೇಗೆಂದು ಮೂರೇ ನಿಮಿಷದಲ್ಲಿ ಹೇಳಿ ಮುಗಿಸಲು ಪಾಸ್ಟರ್ ತಿಳಿಸಿದ್ದರು. ನಮ್ಮ ನಂತರ ಸಭಾಂಗಣವನ್ನು ಮಲಯಾಳಿ ಸಭೆಗೆ ಬಿಟ್ಟುಕೊಡಬೇಕಲ್ಲ. ನಮ್ಮ ಮನೆಯ ಕೆಳಗಿನ ಗ್ಯಾರೇಜಿನಲ್ಲಿ ತಗಡು ಬಡಿಯುವ ಸದ್ದು. ಅಮ್ಮ ನಾಳೆಯ ಸೀರೆಗೆ ಇಸ್ತ್ರಿ ಹಾಕುತ್ತಲೇ ಅಭ್ಯಾಸ ಮಾಡುತ್ತಿದ್ದಳು. ನಾನು ಅಪ್ಪನ ವಾಚು ಹಿಡಿದು ಕುಳಿತಿದ್ದೆ.

ಪ್ರತಿ ಸಲವೂ ನಾಲ್ಕು ನಿಮಿಷ ದಾಟುತ್ತಿತ್ತು. ದೀಕ್ಷಾಸ್ನಾನ ಪಡೆಯುತ್ತೇನೆಂದ ದಿನ ಅಜ್ಜಿ ಬಾಗಿಲಲ್ಲಿ ನಿಂತು ಆಡಿದ ಮಾತಿಗೆ ಬಂದಾಗ ಅಮ್ಮನ ಕೈ ನಿಧಾನವಾಗುತ್ತಿತ್ತು.

"ಅಜ್ಜಿದು ಬಿಡಮ್ಮ," ಎಂದೆ. "ಅದೊಂದು ಬಿಟ್ರೆ ಟೈಮ್ ಕರೆಕ್ಟ್ ಆಗ್ತದೆ."

ಅಮ್ಮ ಸೀರೆಯ ಮಡಿಕೆ ಸವರಿದಳು. "ಆಯ್ತು ಮಗಾ, ಬಿಡುವ. ನೀನಾದ್ರೂ ಕೇಳಿದ್ಯಲ್ಲ, ಸಾಕು."

"ಹ್ಞೂಂ," ಎಂದೆ.

ಅಜ್ಜಿಯ ಆ ಮಾತು ಬಂದಾಗಲೆಲ್ಲ ನಾನು ವಾಚಿನ ಮುಳ್ಳನ್ನೇ ನೋಡುತ್ತಿದ್ದೆ. ಅದೇನೆಂದು ಕೇಳಿಸಿಕೊಳ್ಳಲೇ ಇಲ್ಲ.