ಸಿಡೋನಿನ ತೊಟ್ಟಿಯ ನೀರು

ಅವಳು ಬಾಟಲಿಯನ್ನು ತೊಟ್ಟಿಯಲ್ಲಿ ಮುಳುಗಿಸುವ ಹೊತ್ತಿಗೆ ಕೃಷ್ಣಪ್ರಸಾದ ಬೆನ್ನ ಹಿಂದೆಯೇ ನಿಂತಿದ್ದ.

"ಅಯ್ಯೋ, ಸಿಕ್ಕಿಬಿದ್ನಲ್ಲ!" ಎಂದಳು ಅವಳು, ಕನ್ನಡದಲ್ಲೇ.

ಲಂಡನ್ನಿನ ಈ ಸಣ್ಣ ಮ್ಯೂಸಿಯಮ್ಮಿಗೆ ಅವನು ಕಾವಲುಗಾರನಾಗಿ ಬಂದು ಏಳು ವರ್ಷ. 1998ರ ಚಳಿಗಾಲದಲ್ಲಿ ಕಳ್ಳಿಯೊಬ್ಬಳು ಸಿಕ್ಕಳು, ಅವಳೂ ಕನ್ನಡದವಳು.

ಮೂರು ಮಂಗಳವಾರದಿಂದ ಅವಳನ್ನು ಗಮನಿಸುತ್ತಿದ್ದ. ಪ್ರಾಚೀನ ಲೆಬನಾನಿನ ಫಿನೀಷಿಯನ್ನರ ಸಿಡೋನ್ ಊರಿನ ದೇಗುಲದ ತೊಟ್ಟಿಯ ತದ್ರೂಪು ಅದು. ಕಾಯಿಲೆಯ ಮಕ್ಕಳಿಗೆ ಅಲ್ಲಿ ಪವಿತ್ರ ಬುಗ್ಗೆಯ ನೀರು ಸೋಕಿಸುತ್ತಿದ್ದರು, ಗುಣವಾದರೆ ಹೆತ್ತವರು ಮಗುವಿನ ಕಲ್ಲಿನ ಪ್ರತಿಮೆ ಒಪ್ಪಿಸುತ್ತಿದ್ದರು ಎಂದು ಫಲಕ ಹೇಳುತ್ತಿತ್ತು. ಶಾಲೆಯ ಮಕ್ಕಳು ಕೈ ಅದ್ದಿ ನೋಡಲೆಂದು ಅದರಲ್ಲಿ ನೀರು ತುಂಬಿಸಿಟ್ಟಿದ್ದರು.

"ಯಾರಿಗೆ ಇದು?"

"ಮಗುವಿಗೆ. ಎಂಟು ವರ್ಷ. ರಕ್ತದ ಕ್ಯಾನ್ಸರ್."

"ಆಸ್ಪತ್ರೆಗೆ ಹೋಗ್ಲಿಲ್ವಾ?"

"ದಿನಾ ಅಲ್ಲೇ ಇರ್ತೀನಿ."

"ಮದ್ದು?"

ಅವಳು ತಲೆ ತಗ್ಗಿಸಿದಳು. "ನಿಲ್ಲಿಸಿಬಿಟ್ಟೆ. ಇನ್ನು ಕೊಡಬಾರದು ಅನ್ನಿಸ್ತು."

ಕೃಷ್ಣಪ್ರಸಾದನ ಮೈ ಉರಿದುಹೋಯಿತು. ಉಡುಪಿಯಲ್ಲಿ ತಂಗಿಗೆ ಜ್ವರ ಏರಿದಾಗ ಅಮ್ಮ ಮೂರು ದಿನ ತೀರ್ಥ ಕುಡಿಸುತ್ತ ಕೂತಿದ್ದರು. ನಾಲ್ಕನೆಯ ದಿನ ತಂಗಿಯೇ ಉಳಿದಿರಲಿಲ್ಲ, ಆಸ್ಪತ್ರೆಗೆ ಹೋಗುವ ಅಗತ್ಯವೇ ಬೀಳಲಿಲ್ಲ. ಆಗ ಅವನಿಗೆ ಹತ್ತು ವರ್ಷ, ಬಾಯಿಬಿಡಲು ಹೆದರಿದ್ದ.

ಅವಳ ಸೊಂಟದ ಪೇಜರ್ ಬೀಪ್ ಎಂದಿತು. ಪೇಜರಿಗೆ ದುಡ್ಡಿದೆ, ತಲೆಯಲ್ಲಿ ಮಾತ್ರ ಏನೂ ಇಲ್ಲ ಎಂದುಕೊಂಡ.

"ಇದು ತೀರ್ಥ ಅಲ್ಲ ಮಾರಾಯ್ರೆ! ನೆಲ ಒರೆಸುವ ಬಕೆಟ್ ಇಡ್ತೇವಲ್ಲ, ಆ ಕೋಣೆಯ ನಲ್ಲಿಯಿಂದ ದಿನಾ ಬೆಳಿಗ್ಗೆ ನಾನೇ ತುಂಬಿಸುದು."

"ಗೊತ್ತು. ಕುದಿಸಿ ಆರಿಸಿ ಹಣೆಗೆ ಹಚ್ತೀನಿ, ಅಷ್ಟೇ. ಶಾಲೆಯವರ ಜೊತೆ ಇಲ್ಲಿಗೆ ಬಂದಿದ್ಳು. ಫಲಕ ಓದಿದಾಳೆ. ಆ ನೀರು ತಂದುಕೊಡಿ, ನಾನೂ ಹುಷಾರಾಗ್ತೀನಿ ಅಂತಾಳೆ. ಏನು ಹೇಳ್ಲಿ, ನೀವೇ ಹೇಳಿ."

ಈ ಸಲ ಸುಮ್ಮನಿರುವುದು ಅವನಿಂದಾಗಲಿಲ್ಲ.

"ಅವಳು ಮಗು, ನಂಬ್ತಾಳೆ. ನಿಮಗೆ ಬುದ್ಧಿ ಬೇಡ್ವಾ? ಮದ್ದು ನಿಲ್ಲಿಸಿ ನಲ್ಲಿ ನೀರು ಹಚ್ಚುದಾ? ಎಂಥ ತಾಯಿ ಮಾರಾಯ್ರೆ ನೀವು?"

ಅವಳು ಅಳಲಿಲ್ಲ, ಸಿಟ್ಟಾಗಲೂ ಇಲ್ಲ. ಬಾಟಲಿಯ ಮುಚ್ಚಳ ಹಾಕಿ ಬಿಗಿಮಾಡಿದಳು.

"ನಾನು ಅವಳ ತಾಯಿಯಲ್ಲ ಸರ್," ಎಂದಳು. "ಡಾಕ್ಟರು."