ಸಾಯಲು ಬಾರದ ಡುಬ್ಬಣ್ಣ

ಗೊಂಬೆಗಳು ತಮ್ಮ ಸಿನಿಮಾಗಳಲ್ಲಿ ತಾವೇ ನಟಿಸತೊಡಗಿ ಐದಾರು ವರ್ಷವಾಗಿತ್ತು. ಚನ್ನಪಟ್ಟಣದ ದೇವೀರಮ್ಮ ಎಂದೋ ಕಡೆದಿದ್ದ ಡುಬ್ಬಣ್ಣನಿಗೆ ಮಾತ್ರ ಸಾಯುವುದು ಬರಲಿಲ್ಲ. ಬುಡದಲ್ಲಿ ಸೀಸದ ಗುಂಡಿದ್ದುದರಿಂದ ಮಲಗಿಸಿದ ಕೂಡಲೇ ಎದ್ದು ಕೂರುತ್ತಿದ್ದ. ಹದಿನೇಳನೆಯ ಸಲವೂ ಎದ್ದಾಗ ಇಡೀ ಸೆಟ್ಟು ನಕ್ಕಿತು.

"ನಾನು ಆಡಿ ಬೆಳೆದ ಗೊಂಬೆ ಇದು, ದೇವೀರಮ್ಮ. ಇವನು ಸತ್ತಾಗ ಜನ ಅಳಬೇಕು. ಆ ಗುಂಡು ತೆಗೆದುಬಿಡಿ," ಎಂದ ನಿರ್ದೇಶಕ ಸುಮುಖ.

ದೇವೀರಮ್ಮ ಉಳಿ ಎತ್ತಿಕೊಂಡು ಡುಬ್ಬಣ್ಣನನ್ನು ಮರೆಗೆ ಒಯ್ದಳು.

"ಅವ್ವಾ, ಗುಂಡು ತೆಗುದ್ರೆ ನಾನು ಬರೀ ಕಟ್ಗೆ ತುಂಡು," ಎಂದು ಅವನು ಗೋಗರೆದ.

"ಬಾಯ್ಮುಚ್ಕೊಂಡು ಬಿದ್ಕೊ," ಎಂದವಳೇ ಬಣ್ಣದ ಅರಗನ್ನು ಬಿಸಿ ಮಾಡಿ ಅವನ ಬೆನ್ನಿಗೆ ಮೆತ್ತಿ, ತಂದು ಸೆಟ್ಟಿನ ನೆಲಕ್ಕೆ ಅಂಟುವಂತೆ ಒತ್ತಿದಳು.

ಈ ಸಲ ಡುಬ್ಬಣ್ಣ ಅಲುಗಾಡದೆ ಸತ್ತ. ಲೈಟಿನವರೂ ಮೂಗೊರೆಸಿಕೊಂಡರು. ಸುಮುಖ 'ಕಟ್' ಅನ್ನುವುದನ್ನೂ ಮರೆತು ಬಿಕ್ಕುತ್ತಿದ್ದ. ಅಷ್ಟರಲ್ಲಿ ಲೈಟುಗಳ ಕಾವಿಗೆ ಅರಗು ಕರಗಿ, ಹೆಣ ಮೆಲ್ಲಗೆ ಎದ್ದು ಕೂತಿತು.

"ಯಾರ್ ಸಾರ್ ಸತ್ತಿದ್ದು?"

ಅಳುತ್ತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಸುಮುಖನೂ ಕಣ್ಣೊರೆಸಿಕೊಳ್ಳುತ್ತಲೇ ನಕ್ಕ. "ಇದೇ ಇರಲಿ, ಇದೇ ಸಿನಿಮಾ. ಅಲ್ಲಾ ದೇವೀರಮ್ಮ, ಗುಂಡು ತೆಗೆದಿದ್ರಿ ತಾನೆ?"

"ತೆಗ್ದಿದ್ದೆ ಸ್ವಾಮಿ," ಎಂದಳು ದೇವೀರಮ್ಮ, ಉಳಿಯನ್ನು ಚೀಲಕ್ಕೆ ಹಾಕುತ್ತ. "ಮತ್ತೆ ಬೆಳ್ಕೊಂಡಿರ್ಬೇಕು."