ದೇವರಿಲ್ಲದ ವಾರ

ಅತ್ತೆ ಮುಂಬಾಗಿಲಿನಿಂದ ಬಸ್ಸು ಹತ್ತಿದಳು. ಅವಳು ಕೂತದ್ದನ್ನು ನೋಡಿಕೊಂಡು ಗಿಬೋಂಗ್ ಹಿಂಬಾಗಿಲಿನಿಂದ ಒಳನುಗ್ಗಿ, ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡ. ಕೋಟಿನೊಳಗೆ, ಪಕ್ಕೆಲುಬಿಗೆ ಒತ್ತಿಕೊಂಡಂತೆ, ಗೋಣಿ ಸುತ್ತಿದ ಕುಡುಗೋಲು.

ಅತ್ತೆ ಚುನ್ವಾಳ ಮಡಿಲಲ್ಲಿ ಬಟ್ಟೆಯ ಗಂಟೊಂದಿತ್ತು. ದುಂಡಗೆ, ಭಾರವಾಗಿ. ಹೊಸ ಮನೆಯೊಳಗೆ ಮೊದಲು ಹೋಗಬೇಕಾದದ್ದು ಅನ್ನದ ಪಾತ್ರೆ. ಜೇಜು ದ್ವೀಪದಲ್ಲಿ ಇದು ಎಳೆ ಮಗುವಿಗೂ ಗೊತ್ತು. ಆ ಪಾತ್ರೆ ಹೋದಲ್ಲಿ ಅವನ ಹೆಂಡತಿ ಇಂಜಾ ಇರುತ್ತಾಳೆ. ಅವಳು ಓಡಿಹೋಗಿ ಎರಡು ತಿಂಗಳಾಗಿತ್ತು. ಸಂಜೆಯ ಬಸ್ಸಿಗೆ ಅವನು ಒಬ್ಬನೇ ಮರಳುವವನಿದ್ದ. ಅವಳು ಇನ್ನೆಂದೂ ಯಾವ ಬಸ್ಸನ್ನೂ ಹತ್ತಬಾರದು.

ಮುದುಕಿ ನಿನ್ನೆ ಅಂಗಡಿಯಲ್ಲಿ ತಾನೇ ಬಾಯಿಬಿಟ್ಟಿದ್ದಳು. "ಮಗಳು ಪಟ್ಟಣದಲ್ಲಿ ಮನೆ ಮಾಡಿದ್ದಾಳೆ ಕಣ್ರೀ. ನಾಳೆ ಬೆಳಗಿನ ಬಸ್ಸಿಗೆ ಹೋಗಿ, ಕತ್ತಲಾಗೋದ್ರೊಳಗೆ ಬಂದ್ಬಿಡ್ತೀನಿ!" ಗಿಬೋಂಗ್ ಆಗ ಹೊರಗೆ ಸಿಗರೇಟು ಹಚ್ಚುತ್ತಿದ್ದ. ಬೀದಿಗೆಲ್ಲ ಕೇಳಿಸುವ ದನಿ. ಕಡಲಾಳಕ್ಕೆ ಮುಳುಗಿ ಚಿಪ್ಪು ಕೀಳುವ ಹೆಂಗಸರಿಗೆ ಕಿವಿ ಮಂದ, ಗಂಟಲು ದೊಡ್ಡದು. ಇವರಿಗೆ ಪಿಸುಮಾತೇ ಬರುವುದಿಲ್ಲವೆಂದು ಅವನು ಒಳಗೊಳಗೇ ನಕ್ಕಿದ್ದ.

ಬಸ್ಸಿನ ತುಂಬ ಹಾಸಿಗೆ, ಒಲೆ, ಕನ್ನಡಿ. ಪಕ್ಕದ ಸೀಟಿನವನ ತೊಡೆಯ ಮೇಲೆ ಉಚ್ಚೆಪಾತ್ರೆ. ವರ್ಷದಲ್ಲಿ ಇದೊಂದೇ ವಾರ: ಹಳೆಯ ದೇವರುಗಳು ಮೇಲೇರಿರುತ್ತಾರೆ, ಹೊಸಬರು ಇನ್ನೂ ಇಳಿದಿರುವುದಿಲ್ಲ. ಮನೆ ಬದಲಿಸುವುದು, ನೆಲ ಅಗೆಯುವುದು, ಮರ ಕಡಿಯುವುದು ಎಲ್ಲ ಈಗಲೇ.

"ನೀವೂ ಮನೆ ಬದಲಾಯಿಸ್ತಿದ್ದೀರಾ ಅಣ್ಣಾ? ಕೈ ಖಾಲಿ ಇದೆಯಲ್ಲ!"

"ಒಂದು ಗಿಡ ಕಡಿಯೋದಿದೆ."

"ಕಡೀರಿ, ಕಡೀರಿ! ಈ ವಾರ ಏನು ಕಡಿದ್ರೂ ಕೇಳೋರಿಲ್ಲ. ಮೇಲಿನೋರು ಊರಲ್ಲೇ ಇಲ್ವಲ್ಲ. ನನ್ನ ಪಾಡು ನೋಡಿ, ಅಜ್ಜಿ ಕಾಲದ ಉಚ್ಚೆಪಾತ್ರೆ ಹೊತ್ಕೊಂಡು ಪಟ್ಟಣಕ್ಕೆ ಹೊರಟಿದ್ದೀನಿ!"

ಗಿಬೋಂಗ್ ಕಿಟಕಿಯತ್ತ ತಿರುಗಿದ. ಕಡಲು ಎಣ್ಣೆ ಹೊಯ್ದಂತೆ ಶಾಂತ. ಇಂಥ ದಿನ ನೀರಿನ ಮೇಲೆ, ಮುಳುಗುವ ಹೆಂಗಸರು ಹಿಡಿದು ತೇಲುವ ಸೋರೆಬುರುಡೆಗಳು ಚೆಲ್ಲಾಡಬೇಕು. ಅವನ ಊರಿನ ಕೊಲ್ಲಿಯಲ್ಲಿ ಒಂದೂ ಇರಲಿಲ್ಲ. ಸೋಮಾರಿಗಳು, ಎಂದುಕೊಂಡ.

ಇಂಜಾ ಕೂಡ ಮುಳುಗುವವಳೇ. ಆಳಕ್ಕಿಳಿಯಲು ಸೊಂಟಕ್ಕೆ ಬಿಗಿಯುವ, ಸೀಸದ ಗಟ್ಟಿ ಪೋಣಿಸಿದ ಬಟ್ಟೆಯ ಪಟ್ಟಿಯಿಂದಲೇ ಅವನು ಅವಳ ಬಲಗೈ ಬೆರಳುಗಳನ್ನು ಜಜ್ಜಿದ್ದ. ಮಾರನೆಯ ಬೆಳಿಗ್ಗೆ ಅತ್ತೆ ಬಂದಳು. ಅವನು ಜಗಳಕ್ಕೆ ತೋಳೇರಿಸಿ ನಿಂತಿದ್ದ. ಮುದುಕಿ ಮಗಳ ಕೈಗೆ ಬಟ್ಟೆ ಸುತ್ತಿ, "ಚಳಿಗೊಂದು ದಪ್ಪ ಪ್ಯಾಂಟು ಹೊಲಿದುಕೊಡ್ತೀನಿ, ನಿಂತ್ಕೊಳ್ಳಿ ಅಳಿಯಂದ್ರೇ," ಎಂದು ದಾರದಿಂದ ಅವನ ಸೊಂಟ ಅಳೆದುಕೊಂಡು ಹೋದಳು. ಅಂಜುಬುರುಕಿ, ಹೆದರಿಕೆಯಲ್ಲಿ ಕಾಲಿನ ಅಳತೆಯನ್ನೇ ಮರೆತಿದ್ದಳು. ಅದೇ ರಾತ್ರಿ ಇಂಜಾ ಓಡಿಹೋದಳು. ಒಯ್ದದ್ದು ಆ ಪಟ್ಟಿಯೊಂದನ್ನೇ. ಮುರಿದ ಬೆರಳಿನವಳಿಗೆ ಅದೇಕೋ!

ಪಟ್ಟಣದಲ್ಲಿ ಇಳಿದವಳೇ ಮುದುಕಿ ಬಂದರಿನ ದಾರಿ ಹಿಡಿದಳು. ಸಾಮಾನು ಹೇರಿದ ಕೈಗಾಡಿಗಳ ನಡುವೆ ಗಿಬೋಂಗ್ ಸಿಕ್ಕಿಕೊಂಡಾಗ, ಅವನ ಅದೃಷ್ಟಕ್ಕೆ, ಅವಳು ರಬ್ಬರ್ ಶೂ ಸರಿಮಾಡಿಕೊಳ್ಳಲು ನಿಂತಳು. ಮುಂದಿನ ತಿರುವಿನಲ್ಲೂ ನಿಂತಳು.

ಕಡಲಿಗೆ ಬೆನ್ನುಕೊಟ್ಟ ಕಪ್ಪುಕಲ್ಲಿನ ಹಳೆಯ ಮನೆ. ಅಂಗಳದ ಬಾಯಿಗೆ ಮೂರು ಅಡ್ಡಕೋಲು. ಮೂರೂ ಇದ್ದರೆ ಮನೆಯವರು ದೂರ ಹೋಗಿದ್ದಾರೆ, ಯಾರೂ ಬರಬೇಡಿ ಎಂದರ್ಥ. ಮುದುಕಿ ಮೂರನ್ನೂ ಸರಿಸಿ ಒಳಹೋದಳು. ಮರಳಿ ಹೂಡದೆ ಹಾಗೆಯೇ ಬಿಟ್ಟಳು.

ಅವನು ಗೋಣಿ ಕಿತ್ತೆಸೆದು, ಬಾಗಿಲು ಒದ್ದ.

"ಇಂಜಾ! ಬಾರೇ ಹೊರಗೆ!"

ಕೋಣೆಯಲ್ಲಿ ಹಾಸಿಗೆಯಿರಲಿಲ್ಲ, ಒಲೆಯಿರಲಿಲ್ಲ. ನಟ್ಟನಡುವೆ ಅತ್ತೆ, ಗಂಟಿನ ಪಕ್ಕ, ಕಾಲು ಮಡಚಿ ಕೂತಿದ್ದಳು.

"ನಿಧಾನಕ್ಕೇ ನಡೆದೆ ಅಳಿಯಂದ್ರೇ. ನೀವು ದಾರಿ ತಪ್ಪಿಬಿಟ್ರೆ ಕಷ್ಟ."

"ಎಲ್ಲಿ ಅವಳು?"

"ನಿನ್ನೇನೇ ಬೂಸಾನ್ ಹಡಗು ಹತ್ತಿದ್ಲು."

ಅವನು ಕುಡುಗೋಲು ಎತ್ತಿದ. ಪಕ್ಕದಿಂದ ಕಬ್ಬಿಣವೊಂದು ಬೀಸಿಬಂತು. ಮಣಿಕಟ್ಟು ಮುರಿದ ಸದ್ದು ಅವನಿಗೇ ಕೇಳಿಸಿತು. ಇನ್ನೊಂದು ಏಟು ಮಂಡಿಗೆ, ಮತ್ತೊಂದು ದವಡೆಗೆ. ಬಾಯಿತುಂಬ ರಕ್ತ. ಬಿದ್ದಲ್ಲಿಂದಲೇ ಕಣ್ಣೆತ್ತಿ ನೋಡಿದ. ಅವನ ಊರಿನ ಕೊಲ್ಲಿಯ ಹೆಂಗಸರೆಲ್ಲ ಅಲ್ಲಿದ್ದರು, ಕೈಯಲ್ಲಿ ಚಿಪ್ಪು ಕೀಳುವ ಕೊಕ್ಕೆ ಹಿಡಿದು.

ಹೊರಗೆ ಯಾರೋ ಅಡ್ಡಕೋಲುಗಳನ್ನು ಮರಳಿ ಹೂಡುತ್ತಿದ್ದರು. ಒಂದು. ಎರಡು. ಮೂರು.

"ಅತ್ತೇ, ಬೇಡ... ದೇವರು ನೋಡ್ತಾನೆ!"

"ಈ ವಾರವಾ?" ಎಂದಳು ಮುದುಕಿ. ಆ ದನಿ ಪಿಸುಮಾತಿನಷ್ಟು ಮೆಲ್ಲಗಿತ್ತು.

ಅವಳು ಗಂಟು ಬಿಚ್ಚಿದಳು. ಇಂಜಾಳ ಸೀಸದ ಪಟ್ಟಿ. ಅವನ ಸೊಂಟದ ಅಳತೆಗೆ ಹಿಗ್ಗಿಸಿ ಹೊಲಿದಿತ್ತು.